33 ವರ್ಷ ಒಂದೇ ವಿಶ್ವವಿದ್ಯಾಲಯದ ಐಸ್ ಹಾಕಿ ಕೋಚ್ ಆಗಿರುವುದು ಅಂದರೆ ಏನು?

ನಿಮ್ಮ ಪ್ರಶ್ನೆ ಓದಿದೆ. ಟೊರೊಂಟೊ ಹತ್ತಿರ ಇದ್ದೀರಿ, ಮಗನಿಗೆ 15 ವರ್ಷ, ಐಸ್ ಹಾಕಿ ಚೆನ್ನಾಗಿ ಆಡುತ್ತಾನೆ. ಅಮೆರಿಕದ ಕಾಲೇಜು ತಂಡ ಸೇರುವ ಆಸೆ ಅವನಿಗೆ. ‘ಅಲ್ಲಿನ ಕೋಚ್‌ಗಳು ಒಂದೇ ಕಡೆ 30–40 ವರ್ಷ ಇರುತ್ತಾರಂತೆ. ಅವರಿಗೆ ಗೆಲುವು ಮುಖ್ಯವೋ, ಹುಡುಗರ ಓದು ಮುಖ್ಯವೋ? ನಂಬಿ ಕಳಿಸಬಹುದಾ?’ ಅಂತ ಕೇಳಿದ್ದೀರಿ.

ಎಲ್ಲ ಕೋಚ್‌ಗಳ ಬಗ್ಗೆ ಹೇಳಲು ನನ್ನಿಂದ ಆಗದು. ಒಬ್ಬರ ಬಗ್ಗೆ ಹೇಳುತ್ತೇನೆ. ಅವರು ರೆಡ್ ಬೆರೆನ್ಸನ್. 1984ರಿಂದ 2017ರವರೆಗೆ, 33 ಸೀಸನ್, ಮಿಶಿಗನ್ ವಿಶ್ವವಿದ್ಯಾಲಯದ ಕೋಚ್ ಆಗಿದ್ದವರು. ನಾನು ಎಂ.ಎಸ್. ಓದಲು ಆ ವಿಶ್ವವಿದ್ಯಾಲಯ ಇರುವ ಊರು ಆ್ಯನ್ ಆರ್ಬರ್‌ಗೆ ಬಂದದ್ದು 2007ರಲ್ಲಿ. ಆಮೇಲೆ ಕೆಲಸವೂ ಹತ್ತಿರದಲ್ಲೇ ಸಿಕ್ಕಿತು. ಹಾಗಾಗಿ ಅವರ ಕೊನೆಯ 10 ವರ್ಷ ಕಣ್ಣಾರೆ ನೋಡಿದೆ. ಅದಕ್ಕೂ ಹಿಂದಿನದನ್ನು ಓದಿ, ಪಕ್ಕದ ಸೀಟಿನ ಹಳೆಯ ಅಭಿಮಾನಿಗಳನ್ನು ಕೇಳಿ ತಿಳಿದುಕೊಂಡೆ.

ಇಲ್ಲಿಗೆ ಬರುವ ಮುಂಚೆ ನನಗೆ ಗೊತ್ತಿದ್ದ ಹಾಕಿ ಅಂದರೆ ಕೊಡಗಿನ ಹಾಕಿ. ಬಿಸಿಲು, ಮೈದಾನ, ಮನೆತನಗಳ ನಡುವಿನ ಟೂರ್ನಿ. ಇಲ್ಲಿನ ಮೊದಲ ಚಳಿಗಾಲದಲ್ಲಿ ಲ್ಯಾಬಿನ ಗೆಳೆಯನೊಬ್ಬ ಯೋಸ್ಟ್ ಐಸ್ ಅರೀನಾಗೆ ಎಳೆದುಕೊಂಡು ಹೋದ. 1923ರಲ್ಲಿ ಕಟ್ಟಿದ ದೊಡ್ಡ ಇಟ್ಟಿಗೆ ಕಟ್ಟಡ ಅದು. 1973ರಲ್ಲಿ ಅದನ್ನು ಐಸ್ ಹಾಕಿಗೆ ಅಂತ ಬದಲಾಯಿಸಿದರು. ಒಳಗೆ ಕಾಲಿಟ್ಟರೆ ಕಿವಿ ತೂತು ಬೀಳುವಂಥ ಸದ್ದು. ಒಂದು ಕಡೆ ಬ್ಯಾಂಡು. ಇನ್ನೊಂದು ಕಡೆ ಪಂದ್ಯ ಪೂರ್ತಿ ನಿಂತೇ ಇರುವ ವಿದ್ಯಾರ್ಥಿಗಳು. ಗೋಲ್ ಬಿದ್ದ ಕೂಡಲೇ ಎದುರಾಳಿ ಗೋಲಿಯ, ಅಂದರೆ ಗೋಲ್‌ಕೀಪರ್‌ನ, ಕಡೆ ಬೆರಳು ತೋರಿಸಿ ‘ಸೀವ್, ಸೀವ್’ ಅಂತ ಕೂಗುತ್ತಾರೆ. ಸೀವ್ ಅಂದರೆ ಜರಡಿ. ಅಷ್ಟೆಲ್ಲ ಗದ್ದಲದ ನಡುವೆ ಬೆಂಚಿನ ಹಿಂದೆ ಕೋಟು ಹಾಕಿಕೊಂಡ ಹಿರಿಯರೊಬ್ಬರು ಸುಮ್ನೆ ನಿಂತಿದ್ದರು. ‘ಅವರೇ ರೆಡ್’ ಅಂದ ಗೆಳೆಯ. ಆಗಲೇ ಅವರಿಗೆ 68ರ ಆಸುಪಾಸು.

ಅವರ ನಿಜವಾದ ಹೆಸರು ಗಾರ್ಡನ್. ಕೆಂಪು ಕೂದಲಿದ್ದುದರಿಂದ ರೆಡ್ ಆದರು. ಊರು ಕೆನಡಾದ ರಿಜೈನಾ. ನಿಮ್ಮ ಮಗನ ಮುಂದೆ ಇವತ್ತು ಇರುವ ಪ್ರಶ್ನೆಯೇ 1950ರ ದಶಕದಲ್ಲಿ ಅವರ ಮುಂದೆಯೂ ಇತ್ತು. ಆಗ ಕೆನಡಾದ ಹುಡುಗ ಎನ್‌ಎಚ್‌ಎಲ್, ಅಂದರೆ ಇಲ್ಲಿನ ಅತಿ ದೊಡ್ಡ ವೃತ್ತಿಪರ ಐಸ್ ಹಾಕಿ ಲೀಗಿನ, ಆಟಗಾರ ಆಗಬೇಕೆಂದರೆ ಇದ್ದದ್ದು ಒಂದೇ ದಾರಿ. ಜೂನಿಯರ್ ಲೀಗಿನಲ್ಲಿ ಆಡಬೇಕು, ಅಲ್ಲಿಂದ ನೇರ ವೃತ್ತಿಪರ ತಂಡಕ್ಕೆ ಹೋಗಬೇಕು. ಅಮೆರಿಕದ ಕಾಲೇಜಿಗೆ ಹೋದವನ ಕಥೆ ಮುಗಿಯಿತು ಅಂತಲೇ ಆಟದ ದೊಡ್ಡವರೆಲ್ಲ ನಂಬಿದ್ದರು. ಬೆರೆನ್ಸನ್ ಆ ಮಾತು ಕೇಳಲಿಲ್ಲ. ಮಿಶಿಗನ್‌ಗೆ ಹೋದರು, ಬಿಸಿನೆಸ್ ಓದಿದರು. ಕೊನೆಯ ವರ್ಷ 43 ಗೋಲ್ ಹೊಡೆದರು. 1962ರ ಮಾರ್ಚ್‌ನಲ್ಲಿ ಕಾಲೇಜಿಗಾಗಿ ಕೊನೆಯ ಪಂದ್ಯ ಆಡಿ, ಮರುದಿನವೇ ಬಾಸ್ಟನ್‌ನಲ್ಲಿ ಮಾಂಟ್ರಿಯಲ್ ಕನೇಡಿಯನ್ಸ್ ಪರ ಎನ್‌ಎಚ್‌ಎಲ್ ಪಂದ್ಯಕ್ಕೆ ಇಳಿದರು. ಕಾಲೇಜಿನಿಂದ ನೇರವಾಗಿ ಆ ಲೀಗಿಗೆ ಹೋಗುವುದು ಆಗ ಬಹಳ ಅಪರೂಪ. ಆಟದ ನಡುವೆಯೇ ಅದೇ ಮಿಶಿಗನ್‌ನಲ್ಲಿ ಎಂಬಿಎ ಕೂಡ ಮುಗಿಸಿದರು.

ಎನ್‌ಎಚ್‌ಎಲ್‌ನಲ್ಲಿ 987 ಪಂದ್ಯ, 261 ಗೋಲ್. 1968ರ ನವೆಂಬರ್ 7ರಂದು ಸೇಂಟ್ ಲೂಯಿಸ್ ಬ್ಲೂಸ್ ಪರ ಫಿಲಡೆಲ್ಫಿಯಾದಲ್ಲಿ ಒಂದೇ ಪಂದ್ಯದಲ್ಲಿ 6 ಗೋಲ್ ಹೊಡೆದರು. ಅದೂ ಎದುರಾಳಿಯ ಊರಿನಲ್ಲಿ. ಇನ್ನೊಂದು ಸಣ್ಣ ವಿಷಯ ನನಗೆ ತುಂಬಾ ಇಷ್ಟ. ಆ ಕಾಲದಲ್ಲಿ ಹೆಲ್ಮೆಟ್ ಹಾಕಿ ಆಡುವವರು ಬೆರಳೆಣಿಕೆಯಷ್ಟು. ಇವರು ಹಾಕುತ್ತಿದ್ದರು. ಆಟ ಬಿಟ್ಟ ಮೇಲೆ ಬ್ಲೂಸ್ ತಂಡಕ್ಕೇ ಕೋಚ್ ಆಗಿ, 1981ರಲ್ಲಿ ಲೀಗಿನ ಅತ್ಯುತ್ತಮ ಕೋಚ್ ಪ್ರಶಸ್ತಿ ಪಡೆದರು.

ಇಂಥವರು 1984ರಲ್ಲಿ ಕಾಲೇಜಿಗೆ ವಾಪಸ್ ಬಂದರು. ಬಂದಾಗ ಮಿಶಿಗನ್ ತಂಡದ ಸ್ಥಿತಿ ಚೆನ್ನಾಗಿರಲಿಲ್ಲ. ಹಿಂದೆ 7 ಬಾರಿ ರಾಷ್ಟ್ರೀಯ ಚಾಂಪಿಯನ್ ಆಗಿದ್ದ ತಂಡ, ನಿಜ. ಆದರೆ ಕೊನೆಯದು ಬಂದದ್ದು 1964ರಲ್ಲಿ. ಅವರ ಮೊದಲ 3 ಸೀಸನ್‌ಗಳಲ್ಲಿ ಗೆದ್ದದ್ದಕ್ಕಿಂತ ಸೋತದ್ದೇ ಜಾಸ್ತಿ. ಈಗಿನ ಕಾಲದಲ್ಲಾದರೆ ಮೂರು ವರ್ಷ ಹೀಗೆ ಸೋತ ಕೋಚ್ ಉಳಿಯುವುದು ಕಷ್ಟ ಅಲ್ವಾ? ಅವರನ್ನು ಉಳಿಸಿಕೊಂಡರು. ಅವರ ಉಳಿದ ಕಥೆಯೆಲ್ಲ ನಿಂತಿರುವುದು ಆ ತಾಳ್ಮೆಯ ಮೇಲೆ ಅಂತ ನಾನು ನಂಬುತ್ತೇನೆ.

ಈ ಕೆಲಸ ಎಷ್ಟು ಕಷ್ಟ ಅಂತ ತಿಳಿಯಲು ಒಂದು ನಿಯಮ ಗೊತ್ತಿರಬೇಕು. ಹುಡುಗನಿಗೆ 18 ತುಂಬುವ ಹೊತ್ತಿಗೆ ಎನ್‌ಎಚ್‌ಎಲ್ ತಂಡಗಳು ಡ್ರಾಫ್ಟ್‌ನಲ್ಲಿ ಅವನನ್ನು ಆರಿಸಿಕೊಳ್ಳುತ್ತವೆ. ಆರಿಸಿದ ಮೇಲೂ ಅವನು ಕಾಲೇಜಿನಲ್ಲಿ ಆಡುತ್ತಾ ಇರಬಹುದು. ಆದರೆ ತಂಡದವರು ಸಹಿ ಹಾಕು ಬಾ ಅಂದ ದಿನ ಹೊರಟುಬಿಡಬಹುದು. ಕಾಲೇಜು ಕೋಚ್ ಅವನನ್ನು ಕಟ್ಟಿಹಾಕಲು ಬರುವುದಿಲ್ಲ. ಅಂದರೆ ತಂಡದ ಒಳ್ಳೆಯ ಹುಡುಗರೆಲ್ಲ ಒಂದು ಕಾಲು ಹೊರಗೇ ಇಟ್ಟಿರುತ್ತಾರೆ. ಅಂಥವರನ್ನು ಇಟ್ಟುಕೊಂಡು ಶುಕ್ರವಾರ, ಶನಿವಾರ ರಾತ್ರಿ ಪಂದ್ಯ ಗೆಲ್ಲಬೇಕು, ಸೋಮವಾರ ಬೆಳಿಗ್ಗೆ ಕ್ಲಾಸಿಗೂ ಕಳಿಸಬೇಕು.

1990ರ ದಶಕದ ಹುಡುಗರ ಕಥೆ ನನಗೆ ಎಷ್ಟು ಹೇಳಿದರೂ ಸಾಲದು. 1993ರ ರಾಷ್ಟ್ರೀಯ ಟೂರ್ನಿಯ ಸೆಮಿಫೈನಲ್‌ನಲ್ಲಿ ಮಿಶಿಗನ್ ಓವರ್‌ಟೈಮ್‌ನಲ್ಲಿ, ಅಂದರೆ ಸಮಬಲವಾದಾಗ ಆಡಿಸುವ ಹೆಚ್ಚುವರಿ ಸಮಯದಲ್ಲಿ, ಮೇನ್ ವಿಶ್ವವಿದ್ಯಾಲಯಕ್ಕೆ ಸೋತಿತು. 1995ರ ಸೆಮಿಫೈನಲ್‌ನಲ್ಲಿ ಮತ್ತೆ ಅದೇ ಮೇನ್‌ಗೆ, ಮೂರನೇ ಓವರ್‌ಟೈಮ್‌ನಲ್ಲಿ. ನನ್ನ ಪಕ್ಕ ಕೂರುತ್ತಿದ್ದ ಒಬ್ಬ ಅಜ್ಜ ಈ ಎರಡನೆಯದನ್ನು ನೆನೆದರೆ ಆಗಲೂ ಮಾತು ನಿಲ್ಲಿಸಿಬಿಡುತ್ತಿದ್ದರು.

1996ರಲ್ಲಿ ಬಾಗಿಲು ತೆರೆಯಿತು. ಮಾರ್ಚ್‌ನಲ್ಲಿ ಮಿನೆಸೋಟ ವಿರುದ್ಧ ಮೈಕ್ ಲೆಗ್ ಅನ್ನುವ ಹುಡುಗ ಗೋಲಿನ ಹಿಂದೆ ನಿಂತು, ಪಕ್ಕನ್ನು, ಅಂದರೆ ಚೆಂಡಿನ ಬದಲು ಆಡುವ ರಬ್ಬರ್ ಬಿಲ್ಲೆಯನ್ನು, ಸ್ಟಿಕ್ಕಿನ ಅಲಗಿನ ಮೇಲೆ ಎತ್ತಿಕೊಂಡ. ದೋಸೆ ಎತ್ತಿದ ಹಾಗೆ. ಅದನ್ನು ಹಾಗೇ ಸುತ್ತಿಸಿ ಗೋಲಿಯ ಹೆಗಲಿನ ಮೇಲಿಂದ ಮೂಲೆಗೆ ಇಟ್ಟುಬಿಟ್ಟ. ಇವತ್ತು ಎನ್‌ಎಚ್‌ಎಲ್‌ನಲ್ಲಿ ಯಾರು ಹಾಗೆ ಗೋಲ್ ಮಾಡಿದರೂ ಅದಕ್ಕೆ ‘ದಿ ಮಿಶಿಗನ್’ ಅಂತಲೇ ಹೆಸರು. ನಿಮ್ಮ ಮಗನನ್ನು ಕೇಳಿ, ಖಂಡಿತ ಗೊತ್ತಿರುತ್ತದೆ. ಫೈನಲ್ ಸಿನ್ಸಿನಾಟಿಯಲ್ಲಿ, ಕೊಲರಾಡೊ ಕಾಲೇಜಿನ ವಿರುದ್ಧ. ಓವರ್‌ಟೈಮ್‌ನಲ್ಲಿ ಬ್ರೆಂಡನ್ ಮಾರಿಸನ್ ಗೋಲ್ ಹೊಡೆದ. 3–2. 32 ವರ್ಷದ ಮೇಲೆ ಮಿಶಿಗನ್‌ಗೆ ಚಾಂಪಿಯನ್ ಪಟ್ಟ ಬಂತು.

ನಿಮ್ಮ ಪ್ರಶ್ನೆಗೆ ಉತ್ತರ ಇರುವುದು ಇದರ ಮುಂದಿನ ವರ್ಷದಲ್ಲಿ. ಗೆದ್ದಾಯಿತು, ಹೊರಡುವವರು ಹೊರಡಬಹುದಿತ್ತು. ಮಾರಿಸನ್ ಹೊರಡಲಿಲ್ಲ. ಅವನನ್ನು ನ್ಯೂಜೆರ್ಸಿ ಡೆವಿಲ್ಸ್ 1993ರಲ್ಲೇ ಆರಿಸಿಕೊಂಡಿತ್ತು. ಡಲ್ಲಾಸ್ ಮೊದಲ ಸುತ್ತಿನಲ್ಲೇ ಆರಿಸಿದ್ದ ಜೇಸನ್ ಬಾಟರಿಲ್ ಕೂಡ ಹೊರಡಲಿಲ್ಲ. ಇಬ್ಬರೂ ನಾಲ್ಕನೇ ವರ್ಷಕ್ಕೆ ವಾಪಸ್ ಬಂದರು. ಯಾರೂ ಡ್ರಾಫ್ಟ್ ಮಾಡದಿದ್ದ ಜಾನ್ ಮ್ಯಾಡನ್ ಅವರ ಜೊತೆಗಿದ್ದ. ಆ ತಂಡ ಇಡೀ ಸೀಸನ್‌ನಲ್ಲಿ ಸೋತದ್ದು ಬರೀ 4 ಪಂದ್ಯ. ಆ ನಾಲ್ಕರಲ್ಲಿ ಕೊನೆಯದು 1997ರ ಸೆಮಿಫೈನಲ್. ಬಾಸ್ಟನ್ ವಿಶ್ವವಿದ್ಯಾಲಯಕ್ಕೆ 3–2ರಲ್ಲಿ ಸೋತರು. ಮಿಶಿಗನ್‌ನ ಅತ್ಯಂತ ಒಳ್ಳೆಯ ತಂಡ ಅಂತ ಇಲ್ಲಿ ಎಷ್ಟೋ ಜನ ಹೇಳುವುದು ಇದೇ ತಂಡವನ್ನು. ಅದಕ್ಕೆ ಕಪ್ ಸಿಗಲಿಲ್ಲ.

ಸಿಗಲಿಲ್ಲ ಅಂತ ಆ ವರ್ಷ ವ್ಯರ್ಥವಾಯಿತಾ? ಮಾರಿಸನ್‌ಗೆ ಆ ವರ್ಷ ಹೋಬಿ ಬೇಕರ್ ಪ್ರಶಸ್ತಿ ಬಂತು. ಅದು ಕಾಲೇಜು ಹಾಕಿಯ ಅತ್ಯುತ್ತಮ ಆಟಗಾರನಿಗೆ ಕೊಡುವುದು. ಮುಂದೆ ಅವರು ಎನ್‌ಎಚ್‌ಎಲ್‌ನಲ್ಲಿ 900ಕ್ಕೂ ಹೆಚ್ಚು ಪಂದ್ಯ ಆಡಿದರು. ಮ್ಯಾಡನ್ ಮೂರು ಸ್ಟ್ಯಾನ್ಲಿ ಕಪ್, ಅಂದರೆ ಎನ್‌ಎಚ್‌ಎಲ್ ಚಾಂಪಿಯನ್ ಪಟ್ಟ, ಗೆದ್ದರು. ಬಾಟರಿಲ್‌ಗೆ ತಲೆಗೆ ಬಿದ್ದ ಪೆಟ್ಟುಗಳಿಂದ ಆಟ ಬೇಗ ನಿಂತುಹೋಯಿತು. ಅವರು ಮಿಶಿಗನ್‌ಗೇ ವಾಪಸ್ ಬಂದು ಎಂಬಿಎ ಮಾಡಿದರು. 2017ರಲ್ಲಿ ಬಫಲೋ ಸೇಬರ್ಸ್ ತಂಡದ ಜನರಲ್ ಮ್ಯಾನೇಜರ್ ಆದರು. ಒಬ್ಬ ತಂದೆಯಾಗಿ ನೀವು ನೋಡಬೇಕಾದದ್ದು ಬಾಟರಿಲ್ ಅವರನ್ನು ಅಂತ ನನಗೆ ಅನಿಸುತ್ತದೆ.

ಅಷ್ಟು ದೊಡ್ಡ ಗುಂಪು ಒಟ್ಟಿಗೆ ಹೊರಟ ಮೇಲೆ ಮುಂದಿನ ವರ್ಷ ಏನೂ ಆಗದು ಅಂತ ಎಲ್ಲರಿಗೂ ಅನಿಸಿತ್ತು. 1998ರ ಫೈನಲ್ ಬಾಸ್ಟನ್‌ನಲ್ಲೇ, ಬಾಸ್ಟನ್ ಕಾಲೇಜಿನ ವಿರುದ್ಧವೇ. ಮೊದಲ ವರ್ಷದ ಹುಡುಗ ಜಾಶ್ ಲ್ಯಾಂಗ್‌ಫೆಲ್ಡ್ ಓವರ್‌ಟೈಮ್‌ನಲ್ಲಿ ಗೋಲ್ ಹೊಡೆದ. ಮತ್ತೆ 3–2. ಎರಡೂ ಸಲ ಗೋಲಿ ಮಾರ್ಟಿ ಟರ್ಕೊ. ಅವರೂ ನಾಲ್ಕು ವರ್ಷ ಪೂರ್ತಿ ಇದ್ದವರೇ. ಬೆರೆನ್ಸನ್ ಗೆದ್ದ ರಾಷ್ಟ್ರೀಯ ಪಟ್ಟಗಳು ಈ ಎರಡೇ.

ಎಲ್ಲರೂ ಉಳಿಯುತ್ತಿದ್ದರು ಅಂತ ತಿಳಿಯಬೇಡಿ. ನಾನು ನೋಡಿದ ಮೊದಲ ಸೀಸನ್‌ನಲ್ಲೇ ಎರಡೂ ಬಗೆಯವರು ಒಂದೇ ತಂಡದಲ್ಲಿದ್ದರು. ಕ್ಯಾಪ್ಟನ್ ಕೆವಿನ್ ಪೋರ್ಟರ್ ನಾಲ್ಕನೇ ವರ್ಷಕ್ಕೆ ಉಳಿದು, 2008ರ ಹೋಬಿ ಬೇಕರ್ ಗೆದ್ದ. ಮ್ಯಾಕ್ಸ್ ಪ್ಯಾಚೊರೆಟ್ಟಿ ಒಂದೇ ವರ್ಷ ಆಡಿ ಮಾಂಟ್ರಿಯಲ್‌ಗೆ ಹೋದ. ಮುಂದೆ ಎನ್‌ಎಚ್‌ಎಲ್‌ನಲ್ಲಿ ದೊಡ್ಡ ಹೆಸರು ಮಾಡಿದ್ದು ಬೇಗ ಹೋದ ಪ್ಯಾಚೊರೆಟ್ಟಿಯೇ, ಮಾಂಟ್ರಿಯಲ್‌ನ ಕ್ಯಾಪ್ಟನ್ ಕೂಡ ಆದ. ಉಳಿದವರಿಗೇ ಒಳ್ಳೆಯದಾಗುತ್ತದೆ ಅಂತ ಹೇಳಿದರೆ ನಿಮಗೆ ಸುಳ್ಳು ಹೇಳಿದ ಹಾಗೆ. ಕೊನೆಕೊನೆಗೆ ಬೇಗ ಹೋಗುವವರೇ ಜಾಸ್ತಿಯಾದರು. ಡಿಲನ್ ಲಾರ್ಕಿನ್ 2015ರಲ್ಲಿ, ಕೈಲ್ ಕಾನರ್ 2016ರಲ್ಲಿ, ಇಬ್ಬರೂ ಒಂದೊಂದೇ ವರ್ಷ ಆಡಿ ಹೊರಟರು.

1991ರಿಂದ 2012ರವರೆಗೆ ಸತತ 22 ವರ್ಷ ಮಿಶಿಗನ್ ರಾಷ್ಟ್ರೀಯ ಟೂರ್ನಿಗೆ ಹೋಗಿತ್ತು. ಎರಡು ವರ್ಷಕ್ಕೆ ಅರ್ಧ ತಂಡ ಬದಲಾಗುವ ಕಡೆ 22 ವರ್ಷ! ನನಗೆ ಎರಡು ಪಟ್ಟಗಳಿಗಿಂತ ಇದೇ ದೊಡ್ಡದು. 2010ರ ಡಿಸೆಂಬರ್ 11ರಂದು ಫುಟ್‌ಬಾಲ್ ಸ್ಟೇಡಿಯಂನಲ್ಲೇ ಐಸ್ ಹಾಕಿ ಮಿಶಿಗನ್ ಸ್ಟೇಟ್ ವಿರುದ್ಧ ಆಡಿದಾಗ ನಾನೂ ಅಲ್ಲಿದ್ದೆ. ಗಿನ್ನೆಸ್ ಲೆಕ್ಕದಲ್ಲೇ 1,04,173 ಜನ. ಕಾಲು ಮರಗಟ್ಟಿಹೋಗಿತ್ತು. ಮಿಶಿಗನ್ 5–0ಯಿಂದ ಗೆದ್ದಿತು. ಅದೇ ಸೀಸನ್ ಫೈನಲ್‌ನಲ್ಲಿ ಮಿನೆಸೋಟ ಡುಲೂತ್‌ಗೆ ಓವರ್‌ಟೈಮ್‌ನಲ್ಲಿ 3–2ರಿಂದ ಸೋತರು. ಆ ರಾತ್ರಿ ಊರೆಲ್ಲ ಸದ್ದಿಲ್ಲದೆ ಮಲಗಿತು. ಆಮೇಲೆ ಫೈನಲ್ ತಲುಪುವುದು ಅವರಿಗೆ ಆಗಲೇ ಇಲ್ಲ.

ಕೊನೆಯ ಸೀಸನ್‌ನಲ್ಲಿ ಮತ್ತೆ ಸೋಲೇ ಜಾಸ್ತಿ, ಶುರುವಿನ ಹಾಗೆಯೇ. 2017ರ ಏಪ್ರಿಲ್‌ನಲ್ಲಿ, 77ನೇ ವಯಸ್ಸಿನಲ್ಲಿ ಸಾಕು ಅಂದರು. ಒಟ್ಟು 848 ಗೆಲುವು. ಎಲ್ಲವೂ ಮಿಶಿಗನ್‌ನಲ್ಲೇ. ಗೆಲುವಿನ ಲೆಕ್ಕದಲ್ಲಿ ಅವರಿಗಿಂತ ಮುಂದೆ ಇರುವವರಿದ್ದಾರೆ. ಜೆರ್ರಿ ಯಾರ್ಕ್ ಮೂರು ಕಡೆ ಕೋಚ್ ಆಗಿ 1,123 ಗೆದ್ದರು. ಬಾಸ್ಟನ್ ವಿಶ್ವವಿದ್ಯಾಲಯ ಒಂದರಲ್ಲೇ ಜಾಕ್ ಪಾರ್ಕರ್ 897 ಗೆದ್ದರು.

ಗೆಲುವೋ ಓದೋ ಅಂತ ಕೇಳಿದಿರಲ್ಲ, ಬೆರೆನ್ಸನ್ ಮಟ್ಟಿಗೆ ನನ್ನ ಉತ್ತರ ಇದು. ಓದಿದವನಿಗೆ ಆಟದಲ್ಲಿ ಬಾಗಿಲು ಮುಚ್ಚುತ್ತದೆ ಅನ್ನುತ್ತಿದ್ದ ಕಾಲದಲ್ಲಿ ಅವರು ಸ್ವತಃ ಓದಿ, ಆಡಿ ತೋರಿಸಿದ್ದರು. ಆದ್ದರಿಂದ ಡಿಗ್ರಿ ಮುಗಿಸು ಅಂತ ಅವರು ಹೇಳಿದರೆ ಹುಡುಗರಿಗೆ ಅದು ಬರೀ ಉಪದೇಶ ಅನಿಸುತ್ತಿರಲಿಲ್ಲ. ಇಂಥವರು ಎಲ್ಲ ಕಡೆ ಸಿಗುವುದಿಲ್ಲ. ಹಾಗಾಗಿ ಯಾವುದೇ ಕಾಲೇಜಿನ ಕೋಚ್ ನಿಮ್ಮ ಮನೆಗೆ ಬಂದರೆ, ನಾಲ್ಕು ವರ್ಷದ ಹಿಂದೆ ಸೇರಿಸಿಕೊಂಡ ಹುಡುಗರ ಹೆಸರು ಒಂದೊಂದಾಗಿ ಕೇಳಿ. ಯಾರು ಡಿಗ್ರಿ ಮುಗಿಸಿದರು, ಯಾರು ಬಿಟ್ಟುಹೋದರು, ಬಿಟ್ಟವರು ಈಗ ಎಲ್ಲಿದ್ದಾರೆ ಅಂತ ಕೇಳಿ. ಗಾಯವಾಗಿ ಆಟ ನಿಂತವನ ಕಥೆಯನ್ನೂ ಕೇಳಿ.

ಇನ್ನೊಂದು ಮುಖ್ಯ ವಿಷಯ. ಕೆನಡಾದ ಮೇಜರ್ ಜೂನಿಯರ್‌ನಲ್ಲಿ, ಅಂದರೆ ನಿಮ್ಮ ಕಡೆಯ ಒಎಚ್‌ಎಲ್‌ನಂಥ (ಒಂಟಾರಿಯೊ ಹಾಕಿ ಲೀಗ್) ಹದಿಹರೆಯದವರ ದೊಡ್ಡ ಲೀಗಿನಲ್ಲಿ, ಆಡಿದರೆ ಅಮೆರಿಕದ ಕಾಲೇಜಿನ ದಾರಿ ಮುಚ್ಚುತ್ತದೆ ಅಂತ ಹಳಬರು ಹೇಳಬಹುದು. ಮೊದಲು ಹಾಗೇ ಇತ್ತು. ಅಮೆರಿಕದ ಕಾಲೇಜು ಕ್ರೀಡೆಗಳನ್ನು ನೋಡಿಕೊಳ್ಳುವ ಸಂಸ್ಥೆ ಎನ್‌ಸಿಎಎ 2024ರ ನವೆಂಬರ್‌ನಲ್ಲಿ ಆ ನಿಯಮ ಬದಲಾಯಿಸಿತು, 2025ರ ಆಗಸ್ಟ್ 1ರಿಂದ ಜಾರಿಗೆ ಬಂದಿದೆ. ಹಾಗಾಗಿ 15ರಲ್ಲೇ ಗಾಬರಿಯಿಂದ ತೀರ್ಮಾನ ಮಾಡಬೇಕಿಲ್ಲ. ಕಾಲೇಜು ಹಾಕಿಗೆ 19–20 ವಯಸ್ಸಿನಲ್ಲಿ ಸೇರುವವರೂ ಬೇಕಾದಷ್ಟು ಜನ ಇದ್ದಾರೆ.

ಟೊರೊಂಟೊದಿಂದ ಇಲ್ಲಿಗೆ ಕಾರಿನಲ್ಲಿ ನಾಲ್ಕೈದು ಗಂಟೆ ಅಷ್ಟೇ. ಅಕ್ಟೋಬರ್ ಆದ ಮೇಲೆ ಒಂದು ಶುಕ್ರವಾರ ಮಗನನ್ನು ಕರೆದುಕೊಂಡು ಬನ್ನಿ. ಯೋಸ್ಟ್‌ನ ಐಸ್‌ಗೆ ಈಗ ಬೆರೆನ್ಸನ್ ಅವರದೇ ಹೆಸರಿಟ್ಟಿದ್ದಾರೆ, ಅದನ್ನೂ ನೋಡಿದ ಹಾಗಾಗುತ್ತದೆ. ಟಿಕೆಟ್ ಬೇಗ ಖಾಲಿಯಾಗುತ್ತದೆ, ಮುಂಚೆಯೇ ತೆಗೆದುಕೊಳ್ಳಿ. ಒಳಗೆ ಚಳಿ ಇರುತ್ತದೆ, ಸ್ವೆಟರ್ ಮರೆಯಬೇಡಿ. ಬರುವ ಮುಂಚೆ ಇಲ್ಲೇ ಒಂದು ಮಾತು ಬರೆಯಿರಿ. ಪಂದ್ಯದ ಮುಂಚೆ ಊಟ ನಮ್ಮ ಮನೆಯಲ್ಲೇ ಆಗಲಿ.