ಶ್ರೀರಂಗಪಟ್ಟಣದ ಆಟವನ್ನು ವೆಲ್ಲೂರಿನಿಂದಲ್ಲ, 1798ರ ಜೂನ್‌ನಿಂದ ಶುರು ಮಾಡಿ

ನೀವು ಮಾಡುತ್ತಿರುವ ಬೋರ್ಡ್ ಗೇಮ್ ನಕ್ಷೆ ನೋಡಿದೆ, ತುಂಬ ಚೆನ್ನಾಗಿದೆ. ಟಿಪ್ಪುವಿನ ಕೊನೆಯ ಯುದ್ಧಕ್ಕೆ ಈಸ್ಟ್ ಇಂಡಿಯಾ ಕಂಪನಿಯ ಜನರಲ್ ಹ್ಯಾರಿಸ್‌ನ ಸೈನ್ಯ 1799ರ ಫೆಬ್ರವರಿ 14ಕ್ಕೆ ವೆಲ್ಲೂರು ಬಿಡುವಲ್ಲಿಂದ ಆಟ ಶುರುವಾಗುತ್ತದೆ, ಪ್ರತಿ ಸಲವೂ ಟಿಪ್ಪು ಕಡೆಯವರೇ ಸೋಲುತ್ತಾರೆ, ಅವರಿಗೆ ಇನ್ನೊಂದಿಷ್ಟು ಕುದುರೆ ಸವಾರರನ್ನು ಕೊಟ್ಟರೆ ಸರಿಹೋಗುತ್ತಾ ಅಂತ ಕೇಳಿದ್ದೀರಿ. ಸರಿಹೋಗಲ್ಲ. ವೆಲ್ಲೂರು ಬಿಡುವ ಹೊತ್ತಿಗೆ ಯುದ್ಧದ ಮುಕ್ಕಾಲು ಭಾಗ ಮುಗಿದಿತ್ತು. ಅದು ನಡೆದಿದ್ದು ಹೈದರಾಬಾದಿನಲ್ಲಿ, ಪುಣೆಯಲ್ಲಿ, ಮದ್ರಾಸಿನ ಖಜಾನೆಯಲ್ಲಿ, ಎತ್ತಿನ ಗುತ್ತಿಗೆಯಲ್ಲಿ. ಆ ಎಂಟು ತಿಂಗಳನ್ನು ಆಟದೊಳಗೆ ತನ್ನಿ. ಆಗ ಟಿಪ್ಪು ಆಡುವವರಿಗೂ ನಿಜವಾದ ಅವಕಾಶ ಸಿಗುತ್ತದೆ.

ಮೊದಲ ಸುತ್ತು 1798ರ ಜೂನ್ ಮೊದಲ ಅರ್ಧ ಇರಲಿ. ಒಂದು ಸುತ್ತಿಗೆ ಅರ್ಧ ತಿಂಗಳು ಲೆಕ್ಕ ಹಾಕಿದರೆ 1799ರ ಮೇ ಕೊನೆಗೆ 24 ಸುತ್ತು ಆಗುತ್ತದೆ, ಒಂದು ಸಂಜೆಗೆ ಸರಿಯಾದ ಅಳತೆ. ಮೇ ಕೊನೆಯೇ ಯಾಕೆ ಅಂದರೆ ಜೂನ್‌ನಲ್ಲಿ ಕಾವೇರಿ ತುಂಬುತ್ತದೆ. ಶ್ರೀರಂಗಪಟ್ಟಣ ದ್ವೀಪ, ನದಿ ತುಂಬಿದರೆ ಮುತ್ತಿಗೆ ಮುಗಿದ ಹಾಗೆ. ಇಂಗ್ಲಿಷರಿಗೆ ಟಿಪ್ಪುವಿನಷ್ಟೇ ದೊಡ್ಡ ಶತ್ರು ಈ ಗಡುವು. ನಿಮ್ಮ ಈಗಿನ ನಿಯಮಗಳಲ್ಲಿ ಮಳೆಗಾಲವೇ ಇಲ್ಲ. ಮೊದಲು ಅದನ್ನು ಸೇರಿಸಿ, ಉಳಿದದ್ದು ಆಮೇಲೆ.

ಆ ಜೂನ್‌ನಲ್ಲಿ ಆಗಿದ್ದು ಇಷ್ಟು. ಮಾರಿಷಸ್‌ನ ಫ್ರೆಂಚ್ ಗವರ್ನರ್ ಮಲಾರ್ತಿಕ್ ಜನವರಿ ಕೊನೆಯಲ್ಲಿ ಒಂದು ಪ್ರಕಟಣೆ ಹೊರಡಿಸಿದ್ದ. ಟಿಪ್ಪು ಸಹಾಯ ಕೇಳಿದ್ದಾನೆ, ಸೈನ್ಯಕ್ಕೆ ಸೇರುವವರು ಬನ್ನಿ ಅಂತ. ಗುಟ್ಟಾಗಿ ಇರಬೇಕಾದ ಮಾತು ಊರಿಗೆಲ್ಲ ಗೊತ್ತಾಯಿತು. ಬಂದವರು ನೂರು ಜನರೂ ಇಲ್ಲ, ಏಪ್ರಿಲ್‌ನಲ್ಲಿ ಮಂಗಳೂರಿಗೆ ಇಳಿದರು. ಸೈನ್ಯವಾಗಿ ಅದು ಏನೂ ಅಲ್ಲ, ನೆಪವಾಗಿ ಬಹಳ ದೊಡ್ಡದು. ಮೇ ತಿಂಗಳಲ್ಲಷ್ಟೇ ಕಲ್ಕತ್ತೆಗೆ ಬಂದಿದ್ದ ಗವರ್ನರ್ ಜನರಲ್ ಮಾರ್ನಿಂಗ್ಟನ್, ಅಂದರೆ ಮುಂದೆ ವೆಲ್ಲೆಸ್ಲಿ ಅಂತ ಹೆಸರಾದವನು, ಜೂನ್ 20ಕ್ಕೆ ಮದ್ರಾಸಿನ ಹ್ಯಾರಿಸ್‌ಗೆ ಸೈನ್ಯ ಕೂಡಿಸು ಅಂತ ಬರೆದ. ಮದ್ರಾಸಿನವರು ಒಪ್ಪಲಿಲ್ಲ. ಕಾರ್ಯದರ್ಶಿ ಜೋಸಾಯ ವೆಬ್ ಖಾರವಾಗಿಯೇ ಉತ್ತರ ಕೊಟ್ಟ: ದುಡ್ಡಿಲ್ಲ, ಎತ್ತಿಲ್ಲ, ಸೈನ್ಯ ತಯಾರಾಗಲು ಆರು ತಿಂಗಳಾದರೂ ಬೇಕು. ವೆಬ್ ಹೇಳಿದ್ದು ಸರಿಯಾಗಿಯೇ ಇತ್ತು. ಹಾಗಾಗಿ ಆಟದಲ್ಲಿ ಇಂಗ್ಲಿಷ್ ಆಟಗಾರನಿಗೆ ಜೂನ್‌ನಲ್ಲೇ ದಾಳಿ ಮಾಡುವ ಆಸೆ ಇರಲಿ, ಕೈಯಲ್ಲಿ ಮಾತ್ರ ಏನೂ ಇರಬಾರದು.

ಈಗ ಎತ್ತುಗಳ ವಿಚಾರ. ಇದೇ ಆಟದ ಜೀವ, ದಯವಿಟ್ಟು ಕಡಿಮೆ ಮಾಡಬೇಡಿ. ಹಿಂದಿನ ಯುದ್ಧದಲ್ಲಿ, 1791ರಲ್ಲಿ, ಆಗಿನ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಬೆಂಗಳೂರು ಹಿಡಿದು ಶ್ರೀರಂಗಪಟ್ಟಣದವರೆಗೂ ಬಂದ, ಮೇ 15ಕ್ಕೆ ಅರಕೆರೆ ಹತ್ತಿರ ಗೆದ್ದ, ಆದರೂ ವಾಪಸ್ ಹೋಗಬೇಕಾಯಿತು. ಮೇವಿಲ್ಲದೆ ಎತ್ತುಗಳು ಸತ್ತಿದ್ದವು, ಅಕ್ಕಿ ಮುಗಿದಿತ್ತು, ಮಳೆ ಹಿಡಿದಿತ್ತು. ಕೋಟೆ ಒಡೆಯಲು ಎಳೆದು ತಂದಿದ್ದ ದೊಡ್ಡ ಫಿರಂಗಿಗಳನ್ನು ತಾವೇ ಹಾಳು ಮಾಡಿ ಹೊರಟರು. ದಾರಿಯಲ್ಲಿ ಮೇಲುಕೋಟೆ ಕಡೆ ಮರಾಠಾ ಸೈನ್ಯ ಧಾನ್ಯದ ಸಮೇತ ಸಿಗದೇ ಇದ್ದಿದ್ದರೆ ಇನ್ನೂ ಕಷ್ಟವಾಗುತ್ತಿತ್ತು. 1798ರಲ್ಲಿ ಎಲ್ಲರ ತಲೆಯಲ್ಲೂ ಇದೇ ಇತ್ತು. ಆದ್ದರಿಂದ ಸೈನಿಕರ ಟೋಕನ್‌ಗಿಂತ ಎತ್ತಿನ ಟೋಕನ್ ಜಾಸ್ತಿ ಮಾಡಿ. ಒಂದು ದೊಡ್ಡ ಫಿರಂಗಿ ಸಾಗಬೇಕಾದರೆ ಇಂತಿಷ್ಟು ಎತ್ತು, ಅಕ್ಕಿ ಸಾಗಬೇಕಾದರೆ ಇಂತಿಷ್ಟು, ಆ ಎತ್ತುಗಳ ಮೇವಿಗೆ ದಾರಿಯಲ್ಲಿ ಹಸಿರು ಬೇಕು. ಮೇವು ಸಿಗದ ಪ್ರತಿ ಸುತ್ತಿಗೂ ಎತ್ತು ಸಾಯಬೇಕು. ಟಿಪ್ಪು ಆಟಗಾರನಿಗೆ ಮೇವು ಸುಡುವ ಹಕ್ಕು ಕೊಡಿ, ನಿಜದಲ್ಲೂ ಅವನು ಅದನ್ನೇ ಮಾಡಿದ. ಆದರೆ ಒಂದು ಸುತ್ತಿಗೆ ಒಂದೇ ದಾರಿ ಸುಡಬಹುದು ಅನ್ನುವ ಮಿತಿ ಇರಲಿ. ಯಾಕೆ ಅಂತ ಕೊನೆಗೆ ಹೇಳುತ್ತೇನೆ.

ಅಂದ ಹಾಗೆ, ಸಾಗಾಟದ ಎತ್ತಿನಲ್ಲಿ ಮೈಸೂರಿನವರು ಮೇಲು. ಅಮೃತ್ ಮಹಲ್ ಎತ್ತುಗಳ ವೇಗ ಹೈದರನ ಕಾಲದಿಂದಲೂ ಹೆಸರುವಾಸಿ. ಆದ್ದರಿಂದ ಮೈಸೂರಿನ ಫಿರಂಗಿ ಟೋಕನ್‌ಗಳು ಇಂಗ್ಲಿಷರಿಗಿಂತ ಒಂದು ಮನೆ ಹೆಚ್ಚು ನಡೆಯಲಿ. ಇದನ್ನು ಯಾವ ಆಟದಲ್ಲೂ ಯಾರೂ ಹಾಕಿದ್ದು ನಾನು ನೋಡಿಲ್ಲ, ನೀವಾದರೂ ಹಾಕಿ.

ಧಾನ್ಯಕ್ಕೆ ಬೇರೆ ಟೋಕನ್ ಬೇಕು. ಸೈನ್ಯದ ಹಿಂದೆ ಧಾನ್ಯ ಹೊತ್ತು ಬರುತ್ತಿದ್ದವರಲ್ಲಿ ಬಂಜಾರರು, ನಮ್ಮ ಲಂಬಾಣಿಗಳು, ಮುಖ್ಯ. ಅವರು ಯಾರ ಸೈನಿಕರೂ ಅಲ್ಲ, ವ್ಯಾಪಾರಿಗಳು, ದುಡ್ಡು ಕೊಟ್ಟವರ ಜೊತೆ ಇರುತ್ತಾರೆ, ರಕ್ಷಣೆ ಸಿಗದಿದ್ದರೆ ಹೊರಟು ಹೋಗುತ್ತಾರೆ. ಅವರನ್ನು ಎರಡೂ ಕಡೆಯವರು ಹರಾಜಿನಲ್ಲಿ ಹಿಡಿಯುವ ಹಾಗೆ ಮಾಡಬಹುದು. ಇನ್ನೊಂದು ಮಾತು, ಇಂಗ್ಲಿಷ್ ಆಟಗಾರನ ಧಾನ್ಯದ ಟೋಕನ್‌ಗಳಲ್ಲಿ ಕೆಲವು ಪೊಳ್ಳು ಇರಲಿ, ಮಗುಚಿ ನೋಡುವ ತನಕ ಗೊತ್ತಾಗಬಾರದು. 1799ರ ಏಪ್ರಿಲ್ 16ಕ್ಕೆ ಹ್ಯಾರಿಸ್ ಅಕ್ಕಿ ಮೂಟೆ ಅಳೆಸಿದಾಗ ಕಳ್ಳತನ ಮತ್ತು ನಷ್ಟ ಕಳೆದು ಉಳಿದಿದ್ದು ಹೋರಾಡುವವರಿಗೆ ಅರ್ಧ ಪಡಿಯಲ್ಲಿ 18 ದಿನಕ್ಕೆ ಆಗುವಷ್ಟು ಮಾತ್ರ. ಕೋಟೆಯ ಮೇಲೆ ನುಗ್ಗಿದ್ದು ಮೇ 4ಕ್ಕೆ. ಲೆಕ್ಕ ಹಾಕಿ ನೋಡಿ, ಎಷ್ಟು ಹತ್ತಿರ ಇತ್ತು ಅಂತ.

ಈಗ ರಾಜತಾಂತ್ರಿಕ ಭಾಗ. ಇದಕ್ಕೆ ನಕ್ಷೆಯ ಪಕ್ಕ ಬೇರೆ ಪಟ್ಟಿ ಮಾಡಿ: ಹೈದರಾಬಾದ್, ಪುಣೆ, ಕೊಡಗು, ದೂರದವರು.

ಹೈದರಾಬಾದೇ ಮೊದಲ ನಿಲ್ದಾಣ. ನಿಜಾಮನ ಹತ್ತಿರ ಫ್ರೆಂಚ್ ಅಧಿಕಾರಿಗಳು ತಯಾರು ಮಾಡಿದ ಸುಮಾರು 14 ಸಾವಿರ ಸಿಪಾಯಿಗಳಿದ್ದರು. ಅವರ ನಾಯಕ ರೇಮಂಡ್ 1798ರ ಮಾರ್ಚ್‌ನಲ್ಲಿ ಸತ್ತ, ಪಿರೋನ್ ಬಂದ. ಸೆಪ್ಟೆಂಬರ್ 1ಕ್ಕೆ ನಿಜಾಮ ಕಂಪನಿ ಜೊತೆ ಒಪ್ಪಂದ ಮಾಡಿಕೊಂಡ. ಕಂಪನಿಯ 6 ಬೆಟಾಲಿಯನ್ ಅವನ ಊರಲ್ಲಿ ಇರಬೇಕು, ವರ್ಷಕ್ಕೆ 24 ಲಕ್ಷ ರೂಪಾಯಿ ಚಿಲ್ಲರೆ ಅವನೇ ಕೊಡಬೇಕು, ಫ್ರೆಂಚರನ್ನು ಬಿಡಬೇಕು. ಅಕ್ಟೋಬರ್ 22ಕ್ಕೆ ಆ ಪಡೆಯನ್ನು ಸುತ್ತುವರಿದು ಆಯುಧ ಕೆಳಗಿಡಿಸಿದರು. ಯುದ್ಧವೇ ಆಗಲಿಲ್ಲ. ಇಂಗ್ಲಿಷರ ಇಡೀ ತಯಾರಿಯಲ್ಲಿ ಇದಕ್ಕಿಂತ ದೊಡ್ಡ ಗೆಲುವು ಇಲ್ಲ ಅನ್ನುವುದು ನನ್ನ ಅಭಿಪ್ರಾಯ, 1799ರ ಮಾರ್ಚ್‌ನಲ್ಲಿ ಟಿಪ್ಪುವನ್ನು ಸೋಲಿಸಿದ ಮಳವಳ್ಳಿ ಕಾಳಗ ಕೂಡ ಅಲ್ಲ. ಮರುವರ್ಷ ಹ್ಯಾರಿಸ್‌ನ 21 ಸಾವಿರದ ಜೊತೆಗೆ ಹೈದರಾಬಾದಿನ ಕಡೆಯಿಂದ ಸುಮಾರು 16 ಸಾವಿರ ಜನ ಸೇರಿದರು. ಆದ್ದರಿಂದ ಟಿಪ್ಪು ಆಟಗಾರ ಆಗಸ್ಟ್‌ನೊಳಗೆ ಹೈದರಾಬಾದಿಗೆ ದುಡ್ಡು, ವಕೀಲರನ್ನು (ಆಗ ರಾಯಭಾರಿಗಳಿಗೆ ಹೀಗೇ ಅನ್ನುತ್ತಿದ್ದರು) ಕಳಿಸಿ ಈ ಒಪ್ಪಂದವನ್ನು ಎರಡು ಮೂರು ಸುತ್ತು ತಡಮಾಡಲು ಆಗಬೇಕು. ಅಷ್ಟು ತಡವಾದರೆ ಸಾಕು, ಮಳೆಗಾಲ ಹತ್ತಿರ ಬರುತ್ತದೆ.

ಪುಣೆಯನ್ನು ಬೇಗ ಮುಗಿಸಿ. ಪೇಶ್ವೆ ಎರಡನೇ ಬಾಜೀರಾವ್ ಇಂಗ್ಲಿಷರಿಗೆ ಸೈನ್ಯ ಕಳಿಸುತ್ತೇನೆ ಅಂದ, ಟಿಪ್ಪುವಿನ ವಕೀಲರನ್ನೂ ಊರಲ್ಲೇ ಇಟ್ಟುಕೊಂಡ, ಕೊನೆಗೆ ಯಾರನ್ನೂ ಕಳಿಸಲಿಲ್ಲ. ಒಂದು ದಾಳ ಸಾಕು. ಆರು ಬಿದ್ದರೆ ಮಾತ್ರ ಮರಾಠರು ಬರಲಿ.

ಕೊಡಗಿನ ಕಡೆ ಹೆಚ್ಚು ಗಮನ ಕೊಡಿ. ದೊಡ್ಡ ವೀರರಾಜೇಂದ್ರ ಹಿಂದೆ ಟಿಪ್ಪುವಿನ ಸೆರೆಯಿಂದ ಪಿರಿಯಾಪಟ್ಟಣದಲ್ಲಿ ತಪ್ಪಿಸಿಕೊಂಡವನು, 1790ರಲ್ಲೇ ಕಂಪನಿ ಜೊತೆ ಒಪ್ಪಂದ ಮಾಡಿಕೊಂಡವನು. ಅವನು ದಾರಿ ಬಿಟ್ಟಿದ್ದಕ್ಕೇ, ಧಾನ್ಯ ಮತ್ತು ದನ ಕೊಟ್ಟಿದ್ದಕ್ಕೇ, ಕಂಪನಿಯ ಬೊಂಬಾಯಿ ಸೈನ್ಯದ ಜನರಲ್ ಸ್ಟುವರ್ಟ್‌ನ 6 ಸಾವಿರ ಚಿಲ್ಲರೆ ಜನ ಕಣ್ಣೂರಿನಿಂದ ಘಟ್ಟ ಹತ್ತಲು ಆಯಿತು. ಟಿಪ್ಪು ಇವರ ಮೇಲೆ 1799ರ ಮಾರ್ಚ್ 6ಕ್ಕೆ ಸಿದ್ದೇಶ್ವರದ ಹತ್ತಿರ ಬಿದ್ದ, ಯೋಜನೆ ಒಳ್ಳೆಯದೇ ಇತ್ತು. ಎರಡು ಸೈನ್ಯ ಸೇರುವ ಮೊದಲೇ ಚಿಕ್ಕದನ್ನು ಮುರಿಯುವುದು. ಆಗಲಿಲ್ಲ. ಕೊಡಗು ತಟಸ್ಥವಾಗಿದ್ದರೆ ಸ್ಟುವರ್ಟ್ ಬರುವುದೇ ಇಲ್ಲ ಅನ್ನುವ ನಿಯಮ ಹಾಕಿ, ಆದರೆ ಟಿಪ್ಪುವಿಗೆ ಅದು ತುಂಬ ದುಬಾರಿ ಇರಲಿ. ಕೊಡವರ ಮೇಲೆ ಆದ ಹಿಂಸೆ ಅಷ್ಟು ಸುಲಭವಾಗಿ ಮರೆಯುವಂಥದ್ದಲ್ಲ, ಆಟದಲ್ಲೂ ಅದನ್ನು ಹಗುರ ಮಾಡಬಾರದು.

ದೂರದವರು ಅಂದರೆ ಕಾಬೂಲಿನ ದೊರೆ ಜಮಾನ್ ಷಾ ಮತ್ತು ಈಜಿಪ್ಟಿನಲ್ಲಿದ್ದ ನೆಪೋಲಿಯನ್ ಬೋನಪಾರ್ತೆ. ಜಮಾನ್ ಷಾ ಲಾಹೋರಿಗೆ ಬಂದ ಕಾರ್ಡ್ ಬಿದ್ದರೆ ಬಂಗಾಳದ ಸೈನ್ಯ ಅವಧ್ ಕಡೆಗೇ ನಿಲ್ಲಲಿ. ನಿಜದಲ್ಲೂ ಬಂಗಾಳದಿಂದ ಮದ್ರಾಸಿಗೆ ಸಮುದ್ರದ ಮೇಲೆ ಬಂದವರು ಸ್ವಇಚ್ಛೆಯಿಂದ ಹೊರಟ ಸುಮಾರು 3 ಸಾವಿರ ಸಿಪಾಯಿಗಳು ಮಾತ್ರ. ಬೋನಪಾರ್ತೆ ಕೈರೋದಿಂದ ಟಿಪ್ಪುವಿಗೆ 1799ರ ಜನವರಿಯಲ್ಲಿ ಬರೆದ ಪತ್ರ ಜಿಡ್ಡಾದಲ್ಲಿ ಇಂಗ್ಲಿಷರ ಕೈಗೆ ಸಿಕ್ಕಿತು. ಅವನು ಬರುವುದು ಆಗದ ಮಾತಾಗಿತ್ತು, ಇಂಗ್ಲಿಷ್ ನೌಕಾಪಡೆಯ ನೆಲ್ಸನ್ ನೈಲ್ ನದಿಯ ಬಾಯಲ್ಲಿ 1798ರ ಆಗಸ್ಟ್ 1ಕ್ಕೇ ಅವನ ಹಡಗುಗಳನ್ನು ಮುಗಿಸಿದ್ದ. ಆ ಸುದ್ದಿ ಕಲ್ಕತ್ತೆಗೆ ಬಂದಿದ್ದು ಅಕ್ಟೋಬರ್ ಕೊನೆಗೆ. ಇಲ್ಲಿ ಒಂದು ಮಾತು ಗಮನಿಸಿ: ಫ್ರೆಂಚರ ಭಯವೇ ಕಾರಣವಾಗಿದ್ದರೆ ತಯಾರಿ ಅಲ್ಲಿಗೆ ನಿಲ್ಲಬೇಕಿತ್ತು. ನಿಲ್ಲಲಿಲ್ಲ, ಇನ್ನೂ ಜೋರಾಯಿತು. ಅವರಿಗೆ ಬೇಕಿದ್ದಿದ್ದು ಮೈಸೂರಿನ ಕರಾವಳಿ, ಶ್ರೀರಂಗಪಟ್ಟಣದಲ್ಲಿ ತಮ್ಮ ರೆಸಿಡೆಂಟ್, ಅಂದರೆ ದರ್ಬಾರಿನಲ್ಲಿ ಕೂರುವ ಕಂಪನಿಯ ಪ್ರತಿನಿಧಿ. ಆದ್ದರಿಂದ ನೈಲ್ ಕಾರ್ಡ್ ಬಂದಾಗ ಯುದ್ಧದ ನೆಪ ಕಡಿಮೆಯಾಗಲಿ, ಯುದ್ಧದ ಆಸೆ ಹಾಗೇ ಇರಲಿ.

ಇನ್ನು ಪತ್ರಗಳು. ಟಿಪ್ಪು ಆಟಗಾರನ ಅತ್ಯಂತ ಬಲವಾದ ಅಸ್ತ್ರ ತಡಮಾಡುವುದು. ನವೆಂಬರ್ 8ಕ್ಕೆ ಮಾರ್ನಿಂಗ್ಟನ್ ಮೇಜರ್ ಡವ್ಟನ್‌ನನ್ನು ಮಾತಿಗೆ ಕಳಿಸುತ್ತೇನೆ ಅಂತ ಬರೆದ. ಟಿಪ್ಪುವಿನ ಉತ್ತರ ಮದ್ರಾಸಿಗೆ ತಲುಪಿದ್ದು ಡಿಸೆಂಬರ್ ಕೊನೆಗೆ, ಅದರಲ್ಲೂ ಹೌದು ಅಂತ ಇರಲಿಲ್ಲ. ಮಾರ್ನಿಂಗ್ಟನ್ ಪತ್ರದ ದಾರಿ ಹತ್ತಿರವಾಗಲಿ ಅಂತ ತಾನೇ ಡಿಸೆಂಬರ್ 31ಕ್ಕೆ ಮದ್ರಾಸಿಗೆ ಬಂದು ಕೂತ. ಜನವರಿ 9ಕ್ಕೆ, ಪತ್ರ ಸಿಕ್ಕ ಒಂದು ದಿನದೊಳಗೆ ಉತ್ತರ ಕೊಡು ಅಂದ. ಫೆಬ್ರವರಿ 13ಕ್ಕೆ ಬಂದ ಉತ್ತರದಲ್ಲಿ, ನಾನು ಬೇಟೆಗೆ ಹೋಗುತ್ತಿದ್ದೇನೆ, ಡವ್ಟನ್‌ನನ್ನು ಕಡಿಮೆ ಜನರ ಜೊತೆ ಕಳಿಸಿ ಅಂತ ಇತ್ತು. ಅಷ್ಟರಲ್ಲಿ ಹತ್ತು ದಿನ ಮೊದಲೇ ಸೈನ್ಯಕ್ಕೆ ಹೊರಡುವ ಆದೇಶ ಹೋಗಿತ್ತು. ಟಿಪ್ಪು ಡಿಸೆಂಬರ್‌ನಲ್ಲೇ ಡವ್ಟನ್‌ನನ್ನು ಒಪ್ಪಿಕೊಂಡು ಮಾತನ್ನು ಎಳೆದಿದ್ದರೆ ಮಳೆಗಾಲಕ್ಕೆ ಮುಂಚಿನ ಯುದ್ಧದ ತಿಂಗಳುಗಳು ಆ ವರ್ಷ ಇಂಗ್ಲಿಷರ ಕೈತಪ್ಪುತ್ತಿದ್ದವು ಅಂತ ನನಗೆ ಬಲವಾಗಿ ಅನಿಸುತ್ತದೆ. ನಿಮ್ಮ ಆಟದಲ್ಲಿ ರಾಯಭಾರಿಯನ್ನು ಒಪ್ಪಿದರೆ ಎರಡು ಸುತ್ತು ಸೈನ್ಯ ಹೊರಡುವಂತಿಲ್ಲ, ಬದಲಿಗೆ ಟಿಪ್ಪು ಏನಾದರೂ ಬಿಟ್ಟುಕೊಡಬೇಕು: ಫ್ರೆಂಚರನ್ನು, ಇಲ್ಲ ಮಂಗಳೂರನ್ನು. ಆಟದ ಅತ್ಯಂತ ಕಷ್ಟದ ತೀರ್ಮಾನ ಇದೇ ಆಗಲಿ.

ಗೆಲುವಿನ ಲೆಕ್ಕ ಕೋಟೆ ಬಿದ್ದರೆ ಇಂಗ್ಲಿಷರು, ಬೀಳದಿದ್ದರೆ ಟಿಪ್ಪು ಅಂತ ಇಟ್ಟಿದ್ದೀರಿ. ಮಧ್ಯದ ಮೆಟ್ಟಿಲು ಬೇಕು. ಹ್ಯಾರಿಸ್‌ಗೆ ಒಪ್ಪಂದ ಮಾಡುವ ಅಧಿಕಾರವೂ ಇತ್ತು. ಏಪ್ರಿಲ್ 22ಕ್ಕೆ ಅವನು ಕಳಿಸಿದ ಷರತ್ತು: ಅರ್ಧ ರಾಜ್ಯ, 2 ಕೋಟಿ ರೂಪಾಯಿ, ನಾಲ್ಕು ಮಕ್ಕಳು ಮತ್ತು ನಾಲ್ಕು ಸರದಾರರು ಒತ್ತೆ. ಇದನ್ನು ಒಪ್ಪಿ ಸೋಲನ್ನು ಕಡಿಮೆ ಮಾಡಿಕೊಳ್ಳುವ ದಾರಿ ಆಟಗಾರನಿಗೆ ಇರಲಿ. ಇನ್ನೊಂದು, ಮೈಸೂರು ಒಡೆಯರ್ ಮನೆತನದ ಮಹಾರಾಣಿ ಲಕ್ಷ್ಮಮ್ಮಣ್ಣಿಯವರು ಪ್ರಧಾನ ತಿರುಮಲರಾಯನ ಮೂಲಕ ಮದ್ರಾಸಿನ ಜೊತೆ ಗುಟ್ಟಾಗಿ ಪತ್ರ ನಡೆಸುತ್ತಲೇ ಇದ್ದರು. ಅವರು ಮೂರನೇ ಆಟಗಾರ್ತಿ ಆಗಬಹುದು, ಸೈನ್ಯ ಇಲ್ಲದೆ, ಬರೀ ಪತ್ರಗಳಿಂದ ಆಡುವವರು. ನಿಮ್ಮ ಮನೆಯಲ್ಲಿ ಮೂರು ಜನ ಆಡುತ್ತೀರಿ ಅಂದಿದ್ದಿರಿ, ಸರಿಯಾಗಿ ಹೊಂದುತ್ತದೆ.

ಕೊನೆಗೆ ನಕ್ಷೆಯ ಒಂದು ತಿದ್ದುಪಡಿ. ನೀವು ಮಳವಳ್ಳಿಯಿಂದ ಅರಕೆರೆ ಮೇಲೆ ಹೋಗುವ ದಾರಿ ಒಂದನ್ನೇ ಬರೆದಿದ್ದೀರಿ. ಟಿಪ್ಪು ಕಾದಿದ್ದೂ ಮೇವು ಸುಟ್ಟಿದ್ದೂ ಆ ಕಡೆಯೇ, ಕಾರ್ನ್‌ವಾಲಿಸ್ ಬಂದ ದಾರಿ ಅಂತ. ಹ್ಯಾರಿಸ್ ದಕ್ಷಿಣಕ್ಕೆ ತಿರುಗಿ ಮಾರ್ಚ್ 30ಕ್ಕೆ ಸೊಸಲೆಯ ಹತ್ತಿರ ಕಾವೇರಿ ದಾಟಿದ, ಅಲ್ಲಿ ಮೇವೂ ಇತ್ತು ದನಗಳೂ ಇದ್ದವು. ಒಂದು ಸುತ್ತಿಗೆ ಒಂದೇ ದಾರಿ ಸುಡುವ ಮಿತಿ ಹಾಕಿ ಅಂದಿದ್ದು ಇದಕ್ಕೇ. ಸೊಸಲೆಯನ್ನು ನಕ್ಷೆಗೆ ಸೇರಿಸಿ, ತಿ. ನರಸೀಪುರಕ್ಕೆ ತೀರಾ ಹತ್ತಿರ, ನದಿಯ ಎರಡೂ ದಡಕ್ಕೆ ಒಂದೊಂದು ಮನೆ ಬೇಕಾಗುತ್ತದೆ. ಹೊಸ ನಿಯಮದಲ್ಲಿ ಒಮ್ಮೆ ಆಡಿ, ಎತ್ತಿನ ಲೆಕ್ಕ ಎಲ್ಲಿ ಕೈಕೊಡುತ್ತದೆ ಅಂತ ಇಲ್ಲೇ ಬರೆಯಿರಿ, ಕೂತು ಸರಿ ಮಾಡೋಣ.