ಶಾಪಿಫೈ ಥೀಮನ್ನು ನಮ್ಮ ಲ್ಯಾಪ್‌ಟಾಪಿನಲ್ಲೇ ಓಡಿಸಿ ನೋಡಬಹುದೇ?

ಶಾಪಿಫೈ ಎಂಬ ಆನ್‌ಲೈನ್ ಅಂಗಡಿ ಸೇವೆಯಲ್ಲಿ ಥೀಮನ್ನು, ಅಂದರೆ ಅಂಗಡಿಯ ನೋಟ ಹೇಗಿರಬೇಕೆಂದು ಹೇಳುವ ಫೈಲುಗಳನ್ನು, ಅಡ್ಮಿನ್ನಿನ ಕೋಡ್ ಎಡಿಟರಿನಲ್ಲಿ ತಿದ್ದಿ ತಿದ್ದಿ ಸಾಕಾಗಿದೆ, ಲೋಕಲ್ಲಿನಲ್ಲಿ ಓಡಿಸಲು ಆಗುತ್ತದೆಯೇ, ಅರ್ಧಂಬರ್ಧ ಕೆಲಸ ಗಿರಾಕಿಗಳ ಕಣ್ಣಿಗೆ ಬೀಳುತ್ತದೆಯೇ ಎಂದು ಕೇಳಿದ್ದೀರಿ.

ಓಡಿಸಬಹುದು. ಆದರೆ ಇಲ್ಲಿ ‘ಲೋಕಲ್’ ಅನ್ನುವುದು ಅರ್ಧ ಮಾತ್ರ ನಿಜ. ನೋಡ್ (Node.js) ಹಾಕಿಕೊಂಡು, ಅದರ ಜೊತೆ ಬರುವ ಎನ್‌ಪಿಎಮ್ (npm) ಮೂಲಕ ಶಾಪಿಫೈ ಸಿಎಲ್‌ಐ (ಟರ್ಮಿನಲ್ಲಿನಲ್ಲಿ ಕಮಾಂಡ್ ಕೊಟ್ಟು ಬಳಸುವ ಶಾಪಿಫೈ ಸಾಧನ) ಇಳಿಸಿ, ಥೀಮ್ ಫೋಲ್ಡರಿನಲ್ಲಿ ‘ಶಾಪಿಫೈ ಥೀಮ್ ಡೆವ್’ (shopify theme dev) ಅಂತ ಕೊಟ್ಟರೆ 127.0.0.1:9292ರಲ್ಲಿ ನಿಮ್ಮ ಅಂಗಡಿ ತೆರೆಯುತ್ತದೆ. ಸಿಎಸ್‌ಎಸ್ ಸೇವ್ ಮಾಡಿದ ಕೂಡಲೇ ಬ್ರೌಸರಿನಲ್ಲಿ ಬಣ್ಣ ಬದಲಾಗುತ್ತದೆ. ಫೈಲುಗಳು ನಿಮ್ಮಲ್ಲಿವೆ, ಸರಿ. ಲಿಕ್ವಿಡ್ ಕೋಡು (ಶಾಪಿಫೈ ಥೀಮ್ ಬರೆಯುವ ಭಾಷೆ) ಬ್ರೌಸರಿಗೆ ಬೇಕಾದ ಎಚ್‌ಟಿಎಮ್‌ಎಲ್ ಆಗಿ ಬರುವುದು ಮಾತ್ರ ಶಾಪಿಫೈ ಸರ್ವರಿನಿಂದಲೇ. ನಾನಿರುವುದು ಬದಿಯಡ್ಕದಿಂದ ಸ್ವಲ್ಪ ಒಳಗೆ. ಆಟಿಯ ಮಳೆಗೆ ತೆಂಗಿನ ಮಡಲು ಬಿದ್ದು ಇಂಟರ್ನೆಟ್ ಕೇಬಲ್ ತುಂಡಾಯಿತೆಂದರೆ ಇನ್ವರ್ಟರ್ ಇದ್ದೂ ಎಂತ ಪ್ರಯೋಜನ ಇಲ್ಲ, ಕೆಲಸ ಅಲ್ಲಿಗೆ ನಿಂತಿತು.

ಗಿರಾಕಿಗಳ ಚಿಂತೆ ಬೇಡ. ಈ ಕಮಾಂಡು ಅಂಗಡಿಯಲ್ಲಿ ಮರೆಯಾಗಿ ಒಂದು ಡೆವಲಪ್‌ಮೆಂಟ್ ಥೀಮ್ ಮಾಡಿಕೊಳ್ಳುತ್ತದೆ. ಲೈವ್ ಥೀಮಿಗೆ ಕೈ ಹಾಕುವುದಿಲ್ಲ. 7 ದಿನ ಮುಟ್ಟದೆ ಬಿಟ್ಟರೆ ತಾನಾಗಿ ಅಳಿಯುತ್ತದೆ, ಹಾಗಾಗಿ ಅದನ್ನೇ ಬ್ಯಾಕಪ್ ಅಂದುಕೊಳ್ಳಬೇಡಿ.

ನಿಜವಾಗಿ ಹೆದರಬೇಕಾದ್ದು ನಮ್ಮ ಫೋಲ್ಡರಿನ ಫೈಲುಗಳನ್ನು ಅಂಗಡಿಗೆ ಏರಿಸುವ ‘ಥೀಮ್ ಪುಶ್’ ಕಮಾಂಡಿಗೆ. ನೆರೆಯ ಅಕ್ಕ ಒಬ್ಬರು ಹಲಸಿನ ಹಪ್ಪಳ, ಮಾಂಬಳ ಮಾರುತ್ತಾರೆ. ಅವರ ಅಂಗಡಿ ಮಾಡಿಕೊಟ್ಟದ್ದು ನಾನು. ‘ಈ ವರ್ಷದ ಹಪ್ಪಳ ಮುಗಿಯಿತು’ ಎಂದು ಅವರೇ ಥೀಮ್ ಎಡಿಟರಿನಲ್ಲಿ ಬ್ಯಾನರ್ ಹಾಕಿಕೊಂಡಿದ್ದರು. ಅದು ಗೊತ್ತಿಲ್ಲದೆ ನಾನು ನನ್ನ ಹಳೆಯ ಫೋಲ್ಡರನ್ನು ಪುಶ್ ಮಾಡಿದೆ. ಲೈವ್ ಥೀಮ್, ಖಂಡಿತವೇ ಎಂದು ಸಿಎಲ್‌ಐ ಕೇಳಿತ್ತು, ನಾನು ಓದದೆ ಎಂಟರ್ ಒತ್ತಿದೆ. ಸಂಜೆಗೆ ಅಕ್ಕನ ಫೋನು: “ಎಂತ ಮಾಡಿದ್ದು ಮಾರಾಯ ನೀನು? ಇಲ್ಲದ ಹಪ್ಪಳಕ್ಕೆ ಮೂರು ಆರ್ಡರ್ ಬಂದಿದೆ!”

ಎಡಿಟರಿನಲ್ಲಿ ಮಾಡಿದ ಬದಲಾವಣೆಗಳು ಟೆಂಪ್ಲೇಟ್ಸ್ ಫೋಲ್ಡರಿನ ಜೇಸನ್ (JSON) ಫೈಲುಗಳಲ್ಲಿ, ಕಾನ್ಫಿಗ್‌ನ ಸೆಟ್ಟಿಂಗ್ಸ್ ಡೇಟಾ ಫೈಲಿನಲ್ಲಿ ಕೂತಿರುತ್ತವೆ. ಪುಶ್ ಅವನ್ನೂ ಮೇಲಿಂದ ಬರೆದುಬಿಡುತ್ತದೆ. ಸಾಲದ್ದಕ್ಕೆ, ನಿಮ್ಮಲ್ಲಿ ಇಲ್ಲದ ಫೈಲು ಅಲ್ಲಿದ್ದರೆ ಅದನ್ನು ಅಳಿಸಿಯೂ ಬಿಡುತ್ತದೆ. ಅಳಿಸುವುದು ಬೇಡವಾದರೆ ‘ನೋ-ಡಿಲೀಟ್’ (--nodelete) ಎಂಬ ಆಯ್ಕೆ ಸೇರಿಸಬೇಕು.

ಈಗ ನಾನು ಮೊದಲು ನನ್ನದನ್ನೆಲ್ಲ ಗಿಟ್‌ನಲ್ಲಿ (ಫೈಲುಗಳ ಹಳೆಯ ರೂಪಗಳನ್ನು ಕಾದಿಡುವ ಸಾಧನ) ಕಮಿಟ್ ಮಾಡಿ, ಅಂದರೆ ದಾಖಲಿಸಿ, ಆಮೇಲೆ ಲೈವ್ ಥೀಮಿನಿಂದ ಆ ಜೇಸನ್ ಫೈಲುಗಳನ್ನಷ್ಟೇ ‘ಪುಲ್’ ಮಾಡಿ, ಅಂದರೆ ಇಳಿಸಿಕೊಂಡು, ಡಿಫ್ (ಎರಡರ ನಡುವಿನ ವ್ಯತ್ಯಾಸ) ನೋಡುತ್ತೇನೆ. ಪುಲ್ ಕೂಡ ಸಾಧುವಲ್ಲ, ಕಮಿಟ್ ಆಗದ ಕೆಲಸದ ಮೇಲೆಯೇ ಬರೆಯುತ್ತದೆ. ಪುಶ್ ಮಾಡುವುದು ‘ಅನ್‌ಪಬ್ಲಿಶ್ಡ್’ ಆಯ್ಕೆ ಹಾಕಿ, ಬೇರೆಯೇ ಥೀಮಾಗಿ. ಪ್ರಿವ್ಯೂ ಲಿಂಕನ್ನು ಅಕ್ಕನಿಗೆ ವಾಟ್ಸಾಪ್ ಮಾಡುತ್ತೇನೆ. ಅವರು ಮೊಬೈಲಿನಲ್ಲಿ ನೋಡಿ “ಆಯ್ತು, ಹಾಕು” ಅಂದ ಮೇಲೆಯೇ ಪಬ್ಲಿಶ್.