ಪ್ರ: 180 ಟಿಕೆಟ್‌ಗಳಲ್ಲಿ ಯಾವುದು ಯಾವುದಕ್ಕೆ ಕಾಯುತ್ತಿದೆ?

ಕೆಲಸಗಳ ಲೆಕ್ಕ ಇಡುವ ಜಿರಾದ 180 ಟಿಕೆಟ್‌ಗಳನ್ನು (ಒಂದೊಂದು ಕೆಲಸಕ್ಕೆ ಒಂದು ಟಿಕೆಟ್) ಬಾಣಗಳ ಚಿತ್ರ ಬರೆಯುವ ಗ್ರಾಫ್‌ವಿಜ್‌ಗೆ ಕೊಟ್ಟರೆ ಚಿತ್ರ ನೂಲಿನ ಸಿಕ್ಕಿನ ಹಾಗೆ ಬರುತ್ತದೆ ಅಂದಿರಿ. ತುಮಕೂರಿನ ನಮ್ಮ ಪುಟ್ಟ ಆಫೀಸಿನಲ್ಲೂ ಮೊದಲ ಸಲ ಹಾಗೇ ಆಯಿತು.

ಜಿರಾದಿಂದ ಸಿಎಸ್‌ವಿ (ಕೋಷ್ಟಕದ ಫೈಲ್) ಇಳಿಸಿದಾಗ 'ಬ್ಲಾಕ್ಸ್' ಲಿಂಕ್, ಅಂದರೆ ಇದು ಮುಗಿಯದೆ ಅದು ಆಗದು ಅನ್ನುವ ಕೊಂಡಿ, ಎರಡೂ ಟಿಕೆಟ್‌ಗಳಲ್ಲಿ ಕಾಣುತ್ತದೆ. ತಡೆಯುವ ಟಿಕೆಟಿನಲ್ಲಿ ಔಟ್‌ವರ್ಡ್, ಕಾಯುವ ಟಿಕೆಟಿನಲ್ಲಿ ಇನ್‌ವರ್ಡ್. ಎರಡನ್ನೂ ತಗೊಂಡರೆ ಬಾಣಗಳೆಲ್ಲ ಜೋಡಿ ಜೋಡಿ! ಔಟ್‌ವರ್ಡ್ ಸಾಕು. 'ರಿಲೇಟ್ಸ್' ಲಿಂಕ್ ಬಿಟ್ಟುಬಿಡಿ, ಅದು ಯಾವುದು ಮೊದಲು ಅಂತ ಹೇಳುವುದಿಲ್ಲ. ಮುಗಿದ ಟಿಕೆಟ್‌ಗಳನ್ನೂ ತೆಗೆಯಿರಿ.

ಆಮೇಲೆ ಉಳಿದ ಲಿಂಕ್‌ಗಳನ್ನು ಗ್ರಾಫ್‌ವಿಜ್ ಓದುವ ಡಾಟ್ ಫೈಲಿನಲ್ಲಿ ಬರೆದು, ಅದನ್ನು 'ಟ್ರೆಡ್' (tred) ಅನ್ನುವ ಪುಟ್ಟ ಪ್ರೋಗ್ರಾಮಿಗೆ ಕೊಡಿ. ಇದು ಗ್ರಾಫ್‌ವಿಜ್ ಜೊತೆಗೇ ಬರುತ್ತದೆ, ಯಾರೂ ಜಾಸ್ತಿ ಬಳಸುವುದಿಲ್ಲ ಅಷ್ಟೆ. ಲಾಗಿನ್ ಆದ ಮೇಲೆ ಕಾರ್ಟ್, ಕಾರ್ಟ್ ಆದ ಮೇಲೆ ಪೇಮೆಂಟ್ ಅಂತ ಇರುವಾಗ ಲಾಗಿನ್‌ನಿಂದ ಪೇಮೆಂಟ್‌ಗೆ ನೇರ ಬಾಣ ಯಾಕೆ ಬೇಕು, ಅಲ್ವಾ? ಅಂಥವನ್ನು ಟ್ರೆಡ್ ಅಳಿಸುತ್ತದೆ. ಬಾಣಗಳು ಸುತ್ತಿ ಹೊರಟಲ್ಲಿಗೇ ಬಂದರೆ ಎಚ್ಚರಿಕೆಯನ್ನೂ ಕೊಡುತ್ತದೆ. ನಮ್ಮಲ್ಲಿ ಎರಡು ಟಿಕೆಟ್‌ಗಳು "ನೀನು ಮೊದಲು, ನೀನು ಮೊದಲು" ಅಂತ 3 ವಾರ ಸುಮ್ನೆ ಕೂತಿದ್ದವು. ಸಿಕ್ಕಿದ್ದು ಹೀಗೇ.

ಚಿತ್ರ ಎಡದಿಂದ ಬಲಕ್ಕೆ ಹರಿಯಲಿ, ಉದ್ದದ ಹೆಸರು ಓದುವುದಕ್ಕೆ ಸಲೀಸು. 180ನ್ನೂ ಒಂದೇ ಹಾಳೆಗೆ ತುರುಕಬೇಡಿ; ರಿಲೀಸಿಗೊಂದು ಚಿತ್ರ ಮಾಡಿ. ಟ್ರೆಡ್ ಏನಾದರೂ ಎಚ್ಚರಿಕೆ ಕೊಟ್ಟರೆ ಆ ಸಾಲನ್ನು ಇಲ್ಲೇ ಹಾಕಿ, ನೋಡೋಣ.